ಮೆಸೇಜ್ ಕ್ಯೂನಲ್ಲಿದೆ, ಸರ್ವಿಸ್‌ಗೆ ತಲುಪಿತೇ?

ಜುಲೈನಲ್ಲಿ ಸಕಲೇಶಪುರದ ಕಡೆ ಮಳೆ ಹಿಡಿದರೆ ಬೇಗ ಬಿಡುವುದಿಲ್ಲ. ಕರೆಂಟ್ ಹೋಗುತ್ತದೆ, ಹಿಂದೆಯೇ ನೆಟ್‌ವರ್ಕ್ ಹೋಗುತ್ತದೆ. ಆದರೆ ಹಸು ಹಾಲು ಕೊಡೋದು ನಿಲ್ಲಿಸೋದಿಲ್ಲ ಅಲ್ವಾ? ಬೆಳಿಗ್ಗೆ ಡೇರಿ ಮುಂದೆ ಜನ ಕ್ಯಾನ್ ಹಿಡಿದು ನಿಂತಿರುತ್ತಾರೆ. ಹಾಲು ಅಳೆದು, ಫ್ಯಾಟ್ ನೋಡಿ, ಚೀಟಿ ಕೊಡಬೇಕು. ಆ ಲೆಕ್ಕ ಹಾಸನದಲ್ಲೋ ಬೆಂಗಳೂರಿನಲ್ಲೋ ಇರುವ ಸರ್ವರ್ ಸೇರಿ, ಕೊನೆಗೆ ರೈತರ ಖಾತೆಗೆ ದುಡ್ಡಾಗಿ ಬರಬೇಕು.

ಲೈನ್ ಇಲ್ಲದ ಹೊತ್ತಿನಲ್ಲಿ ಈ ಲೆಕ್ಕ ಎಲ್ಲಿರಬೇಕು? ಹಾಸನದಲ್ಲಿ ಕೂತು ಸಾಫ್ಟ್‌ವೇರ್‌ಗಳನ್ನು ಒಂದಕ್ಕೊಂದು ಜೋಡಿಸುವ ಕೆಲಸ ಮಾಡುವ ನನಗೆ ಈ ಪ್ರಶ್ನೆ ತುಂಬಾ ಮುಖ್ಯ. ಅದಕ್ಕೇ ಹಾಲಿನ ಡೇರಿಯನ್ನೇ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ.

ಎರಡು ಪ್ರೋಗ್ರಾಂಗಳು ನೇರವಾಗಿ ಮಾತಾಡಬೇಕೆಂದರೆ ಎರಡೂ ಒಂದೇ ಹೊತ್ತಿಗೆ ನಡೆಯುತ್ತಿರಬೇಕು. ಈ ತಾಪತ್ರಯ ತಪ್ಪಿಸಲು ಬಂದದ್ದು ಮೆಸೇಜ್ ಕ್ಯೂ. 1993ರಲ್ಲಿ ಐಬಿಎಂ ಕಂಪನಿ ಎಂಕ್ಯೂ ಸೀರೀಸ್ ಎಂಬ ಕ್ಯೂ ಸಾಫ್ಟ್‌ವೇರ್ ಹೊರತಂದಿತು. ಕಳಿಸುವ ಪ್ರೋಗ್ರಾಂ ಮೆಸೇಜನ್ನು ಕ್ಯೂಗೆ ಹಾಕಿ ತನ್ನ ಕೆಲಸ ನೋಡಿಕೊಳ್ಳುತ್ತದೆ. ಕ್ಯೂ ಅದನ್ನು ಡಿಸ್ಕ್‌ನಲ್ಲಿ ಬರೆದಿಟ್ಟುಕೊಂಡು, ಆ ಕಡೆಯವರು ಸಿಕ್ಕಾಗ ಕೊಡುತ್ತದೆ. ಬ್ಯಾಂಕುಗಳು ಇದನ್ನು ನೆಚ್ಚಿಕೊಂಡವು. ಈಗಲೂ ಬಿಟ್ಟಿಲ್ಲ.

ಕ್ಯೂ ಕಾಯುವ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ. ತೊಡಕು ಇರುವುದು ಅದರ ಆ ತುದಿಯಲ್ಲಿ. ಕ್ಯೂನಿಂದ ಮೆಸೇಜ್ ತೆಗೆದು ಸರ್ವಿಸ್‌ಗೆ, ಅಂದರೆ ಸರ್ವರ್‌ನಲ್ಲಿ ಲೆಕ್ಕ ಬರೆದುಕೊಳ್ಳುವ ಪ್ರೋಗ್ರಾಂಗೆ, ಕೊಡಲು ನಡುವೆ ಒಂದು ಕೋಡ್ ಬೇಕು. ಮೆಸೇಜ್ ಸಿಕ್ಕಿತು ಎಂದು ಆ ಕೋಡ್ ಕ್ಯೂಗೆ ಯಾವಾಗ ಹೇಳಬೇಕು? ಸರ್ವಿಸ್‌ಗೆ ಕೊಡುವ ಮುಂಚೆಯೇ ಹೇಳಿದರೆ, ಸರ್ವಿಸ್ ಕೈಕೊಟ್ಟಾಗ ಮೆಸೇಜ್ ಕಳೆದೇಹೋಯಿತು. ಕೊಟ್ಟ ಮೇಲೆ ಹೇಳೋಣ ಅಂದರೆ, ಸರ್ವಿಸ್ ಲೆಕ್ಕ ಬರೆದುಕೊಂಡ ಮರುಕ್ಷಣ ಲೈನ್ ಹೋಗಬಹುದು. ಆಗ ಕ್ಯೂ ಅದೇ ಮೆಸೇಜನ್ನು ಮತ್ತೆ ಕೊಡುತ್ತದೆ. ಎಂಟು ಲೀಟರ್ ಹಾಲು ಹದಿನಾರು ಆಗುತ್ತದೆ.

ಕ್ಯೂ, ಡೇಟಾಬೇಸ್ ಎರಡೂ ಒಟ್ಟಿಗೆ ಒಪ್ಪಿದರೆ ಮಾತ್ರ ಕೆಲಸ ಪಕ್ಕಾ ಮಾಡುವ ವ್ಯವಸ್ಥೆಯೂ ಬಂತು. ಎಕ್ಸ್‌ಎ ಎಂಬ ಅದರ ಮಾನದಂಡ 1991ರದ್ದು. ಒಂದೇ ಕಟ್ಟಡದ ಸರ್ವರ್‌ಗಳ ನಡುವೆ ಅದು ನಡೆಯುತ್ತದೆ. ಒಂದು ತುದಿಯ ಲೈನ್ ಹೋದರೆ ಇನ್ನೊಂದು ತುದಿ ದಾಖಲೆಗೆ ಬೀಗ ಹಾಕಿಕೊಂಡು ಕಾಯಬೇಕು. ಘಟ್ಟದ ಅಂಚಿನ ಊರಿಗೆ ಇದು ಆಗಿಬರುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಆಮೇಲೆ ಮಾನದಂಡಗಳ ಕಾಲ. 1998ರಲ್ಲಿ ಜಾವಾದವರ ಜೆಎಂಎಸ್ ಬಂತು, ಅಂದರೆ ಜಾವಾ ಭಾಷೆಯ ಪ್ರೋಗ್ರಾಂಗಳು ಯಾವ ಕ್ಯೂ ಜೊತೆಗಾದರೂ ಒಂದೇ ರೀತಿ ಮಾತಾಡುವ ಕ್ರಮ. 2003ರಲ್ಲಿ ಜೆಪಿ ಮಾರ್ಗನ್ ಬ್ಯಾಂಕಿನ ಜಾನ್ ಒಹಾರಾ ಎಎಂಕ್ಯೂಪಿ ಎಂಬ, ಮೆಸೇಜ್ ಸಾಗಿಸುವ ಎಲ್ಲರಿಗೂ ಒಂದೇ ಆದ ನಿಯಮಗಳನ್ನು ಶುರು ಮಾಡಿದರು. ಅದರ ಮೇಲೆ ಕಟ್ಟಿದ ರ‍್ಯಾಬಿಟ್‌ಎಂಕ್ಯೂ ಎಂಬ ಕ್ಯೂ ಸಾಫ್ಟ್‌ವೇರ್ 2007ರಲ್ಲಿ ಹೊರಬಂತು. ಬೇರೆ ಬೇರೆ ಕಂಪನಿಗಳ ಕ್ಯೂಗಳ ಜೊತೆ ಮಾತಾಡೋದು ಸುಲಭವಾಯಿತು. ಎರಡು ಸಲ ಬರುವ ಮೆಸೇಜಿನ ಕಾಟ ಮಾತ್ರ ಹಾಗೇ ಉಳಿಯಿತು.

ದಾರಿ ಸಿಕ್ಕಿದ್ದು ಬೇರೆ ಕಡೆ. 2003ರಲ್ಲಿ ಗ್ರೆಗರ್ ಹೋಪ್ ಮತ್ತು ಬಾಬಿ ವೂಲ್ಫ್ ಎಂಬ ಇಬ್ಬರು ಸಾಫ್ಟ್‌ವೇರ್ ಲೇಖಕರು ಈ ಕ್ಷೇತ್ರದಲ್ಲಿ ಮತ್ತೆ ಮತ್ತೆ ಕಾಣುವ 65 ಜೋಡಣೆಯ ಮಾದರಿಗಳನ್ನು ಒಂದೆಡೆ ತಂದು ಹೆಸರಿಟ್ಟರು. ಅದರಲ್ಲಿ ಒಂದು, ಒಂದೇ ಮೆಸೇಜ್ ಎರಡು ಸಲ ಬಂದರೂ ಲೆಕ್ಕ ಕೆಡದ ಹಾಗೆ ಸರ್ವಿಸನ್ನೇ ಕಟ್ಟುವುದು. ಇದಕ್ಕೆ ಪ್ರತಿ ಮೆಸೇಜಿಗೂ ಒಂದು ಗುರುತು ಬೇಕು. ಸದಸ್ಯರ ನಂಬರ್, ತಾರೀಕು, ಬೆಳಿಗ್ಗೆಯೋ ಸಂಜೆಯೋ, ಇಷ್ಟು ಸಾಕು ಅನ್ನಿಸುತ್ತದೆ. ಸಾಲದು. ಒಬ್ಬರೇ ಒಂದೇ ಹೊತ್ತಿಗೆ ಎರಡು ಸಲ ಹಾಲು ತರಬಹುದು. ಆಗ ಎರಡನೆಯದು ಹಳೇ ಮೆಸೇಜ್ ಎಂದು ಬಿದ್ದುಹೋಗುತ್ತದೆ. ಹಾಗಾಗಿ ಚೀಟಿ ನಂಬರೂ ಸೇರಬೇಕು. ಆ ನಂಬರ್ ಚೀಟಿ ಪ್ರಿಂಟ್ ಆಗುವಾಗಲೇ ಡೇರಿಯಲ್ಲೇ ಹುಟ್ಟಬೇಕು. ಕಳಿಸುವಾಗ ಹುಟ್ಟಿದರೆ, ಪ್ರತಿ ಸಲ ಕಳಿಸಿದಾಗಲೂ ಹೊಸ ನಂಬರ್ ಬಂದು ಗುರುತು ಇದ್ದೂ ಇಲ್ಲದಂತೆ.

2000ದ ದಶಕದಲ್ಲಿ ನಡುವಿನ ಕೋಡನ್ನು ಕೈಯಲ್ಲಿ ಬರೆಯುವ ಬದಲು ಅದಕ್ಕೆಂದೇ ಮಾಡಿದ ಸಾಫ್ಟ್‌ವೇರ್‌ಗಳು ಬಂದವು. ಮ್ಯೂಲ್, ಅಪಾಚೆ ಕ್ಯಾಮೆಲ್, ನಮ್ಮ ಪಕ್ಕದ ಶ್ರೀಲಂಕಾದಲ್ಲಿ 2005ರಲ್ಲಿ ಶುರುವಾದ ಡಬ್ಲ್ಯೂಎಸ್‌ಒ2. ಈ ಕೊನೆಯದರಲ್ಲಿ ಮೆಸೇಜ್ ಇಡಲು ಒಂದು ಸ್ಟೋರ್, ಅಲ್ಲಿಂದ ತೆಗೆದು ಸರ್ವಿಸ್‌ಗೆ ಕಳಿಸಲು ಒಂದು ಪ್ರೊಸೆಸರ್. ಸರ್ವಿಸ್ ಒಪ್ಪದಿದ್ದರೆ ಪ್ರೊಸೆಸರ್ ಮತ್ತೆ ಪ್ರಯತ್ನಿಸುತ್ತದೆ. ನಾವು ಹೇಳಿದಷ್ಟು ಸಲ ನೋಡಿ, ಆಗದಿದ್ದರೆ ತಾನೇ ನಿಂತುಬಿಡುತ್ತದೆ.

ಇಲ್ಲಿ ಹುಷಾರಾಗಿರಬೇಕು. ಸರ್ವಿಸ್ ಸರಿಯಾಗಿಯೇ ಇದೆ, ಮುಂದಿರುವ ಒಂದು ಮೆಸೇಜ್ ಮಾತ್ರ ಕೆಟ್ಟಿದೆ ಅಂದುಕೊಳ್ಳಿ. ಫ್ಯಾಟ್ 4.2 ಇರಬೇಕಾದ ಜಾಗ ಖಾಲಿ. ಎಷ್ಟು ಸಲ ಕಳಿಸಿದರೂ ಸರ್ವಿಸ್ ಅದನ್ನು ಒಪ್ಪುವುದಿಲ್ಲ. ಪ್ರೊಸೆಸರ್ ನಿಲ್ಲುತ್ತದೆ, ಹಿಂದಿರುವ ಇಡೀ ಊರಿನ ಲೆಕ್ಕವೂ ನಿಲ್ಲುತ್ತದೆ. ಇದಕ್ಕೇ ಡೆಡ್ ಲೆಟರ್ ಕ್ಯೂ ಇರುವುದು: ಕೆಟ್ಟದ್ದನ್ನು ಪಕ್ಕಕ್ಕಿಟ್ಟು ಉಳಿದದ್ದನ್ನು ಮುಂದೆ ಬಿಡುವುದು.

2011ರಲ್ಲಿ ಲಿಂಕ್ಡ್‌ಇನ್ ಕಂಪನಿ ತನ್ನ ಮೆಸೇಜ್ ಸಾಗಿಸುವ ಸಾಫ್ಟ್‌ವೇರ್ ಕಾಫ್ಕಾವನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. ಅದನ್ನು ಕಟ್ಟಿದ ಮೂವರಲ್ಲಿ ಪುಣೆಯ ನೇಹಾ ನಾರ್ಖೇಡೆ ಒಬ್ಬರು. 2017ರಲ್ಲಿ ಅದಕ್ಕೆ ಒಂದೇ ಸಲ ಲೆಕ್ಕ ಹಿಡಿಯುವ ಸೌಲಭ್ಯವೂ ಬಂತು. ಆದರೆ ಆ ಭರವಸೆ ಕಾಫ್ಕಾದ ಒಳಗಿನ ಮಟ್ಟಿಗೆ. ಹೊರಗಿನ ಸರ್ವಿಸ್‌ಗೆ ಬರೆಯುವಾಗ ಚೀಟಿ ನಂಬರ್ ನೋಡುವ ಕೆಲಸ ಇನ್ನೂ ನಮ್ಮದೇ.

ಹಾಗಾಗಿ ಇಂಥ ಸಾಫ್ಟ್‌ವೇರ್ ಕೊಳ್ಳುವ ಯಾರೇ ಆದರೂ ಯಾವ ಕ್ಯೂ ಎಂದು ಕೇಳಿ ಸುಮ್ನೆ ಆಗಬಾರದು. ಒಂದೇ ಚೀಟಿಯನ್ನು ಎರಡು ಸಲ ಕಳಿಸಿ ತೋರಿಸಿ ಅನ್ನಬೇಕು. ನಡುವೆ ಕೇಬಲ್ ಕಿತ್ತು ತೋರಿಸಿ ಅನ್ನಬೇಕು. ಡೆಡ್ ಲೆಟರ್ ಕ್ಯೂನಲ್ಲಿ ಬಿದ್ದದ್ದನ್ನು ಯಾರು ನೋಡುತ್ತಾರೆ ಎಂದೂ ಕೇಳಬೇಕು. ಬಿಲ್ ಮಾಡುವ ಮುಂಚೆ ಅದು ಖಾಲಿ ಇದೆಯೇ ಎಂದು ನೋಡುವ ಕೆಲಸವನ್ನು ಒಬ್ಬರ ಹೆಸರಿಗೆ ಹಚ್ಚಿರಬೇಕು.