ನಿಂತ ವಿಮಾನಕ್ಕೇ ಕಾಟ ಜಾಸ್ತಿ

ನವಲಗುಂದದ ಕಡೆ ಹಳೇ ಟ್ರ್ಯಾಕ್ಟರ್ ಓಡಿಸುವವರನ್ನು ಕೇಳಿ ನೋಡಿ. ಎಂಜಿನ್ ಅರ್ಧ ತಾಸು ಚಂದ ಓಡಿ ಆಮೇಲೆ ಮುಕ್ಕರಿಸುತ್ತಾ ನಿಂತರೆ, ಪಾನಾ ಹಿಡಿಯುವ ಮೊದಲು ಡೀಸೆಲ್ ಟ್ಯಾಂಕಿನ ಮುಚ್ಚಳ ಸಡಿಲಿಸುತ್ತಾರೆ. ಹುಸ್ ಅಂತ ಗಾಳಿ ಒಳಗೆ ಹೋಯಿತೋ, ರೋಗ ಸಿಕ್ಕ ಹಾಗೆ. ಮುಚ್ಚಳದ ಸಣ್ಣ ತೂತಿಗೆ ಎರೆಮಣ್ಣು ಮೆತ್ತಿಕೊಂಡಿರುತ್ತದೆ. ಎಣ್ಣೆ ಇಳಿದಷ್ಟೂ ಮೇಲಿಂದ ಗಾಳಿ ಬರಬೇಕು, ಇಲ್ಲದಿದ್ದರೆ ಟ್ಯಾಂಕ್ ತುಂಬಿದ್ದರೂ ಎಂಜಿನ್‌ಗೆ ಉಪವಾಸ.

ಸಣ್ಣ ವಿಮಾನಕ್ಕೂ ಇಂಥದ್ದೇ ತೂತು ಇದೆ. ಹುಬ್ಬಳ್ಳಿಯ ಗೋಕುಲ ರೋಡಿನ ನಿಲ್ದಾಣದಲ್ಲಿ ಸಣ್ಣ ವಿಮಾನ ಅಪರೂಪ, ಆದರೆ ಪಕ್ಕದ ಬೆಳಗಾವಿಯಲ್ಲಿ ತರಬೇತಿ ವಿಮಾನಗಳು ಹಾರುತ್ತವೆ. ಜಗತ್ತಿನ ಎಷ್ಟೋ ಪೈಲಟ್‌ಗಳು ಹಾರಲು ಕಲಿತ ಸೆಸ್ನಾ 172ರಲ್ಲಿ, ಎಡ ರೆಕ್ಕೆಯ ಕೆಳಗೆ, ಆನಿಕೆ ಕಂಬದ ಹಿಂದೆ ಬಾಗಿದ ಒಂದು ಕೊಳವೆ ಇರುತ್ತದೆ. ಟ್ಯಾಂಕಿಗೆ ಗಾಳಿ ಹೋಗುವುದು ಅಲ್ಲಿಂದ. ಕಣಜದ ಹುಳಕ್ಕೆ ಇದಕ್ಕಿಂತ ಒಳ್ಳೆ ಮನೆ ಬೇಕಾ? ಹೆಣ್ಣು ಕಣಜ ಹಸಿಮಣ್ಣಿನ ಉಂಡೆ ಹೊತ್ತು ತಂದು ಕಟ್ಟುತ್ತದೆ. ಜೇಡವನ್ನು ಕುಟುಕಿ, ಸಾಯಿಸದೆ, ಬರೀ ಅಲುಗಾಡದಂತೆ ಮಾಡಿ ಒಳಗೆ ತುರುಕುತ್ತದೆ. ಅದರ ಮೇಲೆ ಮೊಟ್ಟೆ ಇಟ್ಟು ಬಾಗಿಲು ಮೆತ್ತಿ ಹೋಗಿಬಿಡುತ್ತದೆ. ಮಣ್ಣು ಒಣಗಿದ ಮೇಲೆ ಊದಿದರೂ ಹೋಗಲ್ಲ.

ಇದು ಹೊಸ ತಲೆನೋವೇನಲ್ಲ. 1979ರಲ್ಲೇ ಅಮೆರಿಕದ ವಿಮಾನಯಾನ ಆಡಳಿತ, ಅನೇಕ ಸೆಸ್ನಾಗಳಿಗೆ ಗಾಳಿ ಬಿಡುವ ಟ್ಯಾಂಕ್ ಮುಚ್ಚಳ ಹಾಕಲೇಬೇಕು ಎಂದು ಆದೇಶಿಸಿತ್ತು. ಒಂದು ದಾರಿ ಕಟ್ಟಿದರೆ ಇನ್ನೊಂದಿರಲಿ ಅಂತ.

ನೀರಿನದು ಇನ್ನೊಂದು ಕಥೆ. ಅರ್ಧ ಖಾಲಿ ಟ್ಯಾಂಕ್ ರಾತ್ರಿ ತಣ್ಣಗಾದಾಗ ಒಳಗೋಡೆಗೆ ಹನಿ ಕಟ್ಟಿ, ನೀರು ಪೆಟ್ರೋಲಿನ ಕೆಳಗೆ ಕೂರುತ್ತದೆ. ಅದಕ್ಕೇ ಹಾರುವ ಮೊದಲು ಕೆಳಗಿನ ಕವಾಟದಿಂದ ಸ್ವಲ್ಪ ಇಳಿಸಿ ನೋಡುತ್ತಾರೆ. ಹಕ್ಕಿಗಳು ಎಂಜಿನ್ ಹೊದಿಕೆಯೊಳಗೆ ಹುಲ್ಲು ತುಂಬಿದರಂತೂ ಬೆಂಕಿಯ ಭಯವೇ ಇದೆ.

ಎಲ್ಲ ಕಾಟವೂ ನಿಂತಾಗಲೇ ಬರುತ್ತೆ ಅಂತಲ್ಲ. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರ್‌ನ ಹಿಮ ಹಾರುವಾಗಲೇ ಕಟ್ಟುತ್ತದೆ. ಪೆಟ್ರೋಲ್ ಆವಿಯಾಗುತ್ತಾ ಒಳಗಿನ ಉಷ್ಣತೆ 20 ಡಿಗ್ರಿಗೂ ಜಾಸ್ತಿ ಇಳಿಯಬಹುದು. ನಮ್ಮ ಜುಲೈ ತಿಂಗಳ ಜಿಟಿಜಿಟಿ ತಂಪು ಇದಕ್ಕೆ ಹೇಳಿ ಮಾಡಿಸಿದ ಹವೆ. ಮಜಾ ಅಂದರೆ, ಕೆಳಗಿಳಿದು ಬಿಚ್ಚಿ ನೋಡುವಷ್ಟರಲ್ಲಿ ಹಿಮ ಕರಗಿ ಹೋಗಿರುತ್ತದೆ, ಸಾಕ್ಷಿಯೇ ಇರಲ್ಲ.

ದೊಡ್ಡ ವಿಮಾನದವರು ಹುಳದ ವಿಷಯಕ್ಕೆ ಗಂಭೀರವಾಗಿ ಕಿವಿಗೊಟ್ಟದ್ದು 1996ರಲ್ಲಿ. ಆ ಫೆಬ್ರವರಿ 6ರಂದು ಡೊಮಿನಿಕನ್ ಗಣರಾಜ್ಯದ ಪುಯೆರ್ಟೊ ಪ್ಲಾಟಾದಿಂದ ಎದ್ದ ಬಿರ್ಗೆನೇರ್ ಎಂಬ ವಿಮಾನ ಕಂಪನಿಯ ಬೋಯಿಂಗ್ 757 ಸಮುದ್ರಕ್ಕೆ ಬಿತ್ತು, 189 ಜನ ಸತ್ತರು. ಎಂಜಿನ್ ಸರಿಯಾಗೇ ಇತ್ತು. ವೇಗ ಅಳೆಯುವ ಪಿಟೋಟ್ ನಳಿಗೆ ಕಟ್ಟಿಕೊಂಡು, ಮೇಲೇರುತ್ತಿದ್ದಂತೆ ಕ್ಯಾಪ್ಟನ್‌ಗೆ ಇಲ್ಲದ ವೇಗ ತೋರಿಸಿತ್ತು. ನಳಿಗೆಯೇ ಸಿಗಲಿಲ್ಲ, ಆದ್ದರಿಂದ ಕಣಜದ ಗೂಡು ಅನ್ನುವುದು ತನಿಖೆಯವರ ಬಲವಾದ ಅನುಮಾನ ಮಾತ್ರ. ಆದರೆ ವಿಮಾನ ಹಾರದೆ ನಿಂತು ಸುಮಾರು ಮೂರು ವಾರ ಆಗಿತ್ತು, ಕೊನೆಗೆ ಕೆಲ ದಿನ ನಳಿಗೆಗೆ ಮುಚ್ಚಳವೂ ಇರಲಿಲ್ಲ.

ಕಾರಿನವರೂ ಪಾರಾಗಲಿಲ್ಲ. 2011ರಲ್ಲಿ ಮಜ್ದಾ ಕಂಪನಿ 50,000ಕ್ಕೂ ಹೆಚ್ಚು ಕಾರುಗಳನ್ನು ವಾಪಸ್ ಕರೆಸಿತು. ಪೆಟ್ರೋಲ್ ಟ್ಯಾಂಕಿನ ಗಾಳಿ ಕೊಳವೆಯಲ್ಲಿ ಒಂದು ಹಳದಿ ಜೇಡ ಬಲೆ ನೇಯುತ್ತಿತ್ತು!

ವಾರಗಟ್ಟಲೆ ನಿಂತರೆ ತಾನೇ ಅಂತ ಸಮಾಧಾನ ಮಾಡ್ಕೋಬೇಡಿ. 2013ರ ನವೆಂಬರ್‌ನಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಒಂದು ಏರ್‌ಬಸ್ ಎ330 ನೆಲದ ಮೇಲಿದ್ದದ್ದು ಸುಮಾರು ಎರಡು ತಾಸು. ಅಷ್ಟರಲ್ಲೇ ಕಣಜ ನಳಿಗೆಯಲ್ಲಿ ಗೂಡು ಮಾಡಿತ್ತು. ವಿಮಾನ ಎದ್ದ ಮೇಲೆ ವಾಪಸ್ ಬರಬೇಕಾಯಿತು. ಆಮೇಲೆ ಸಂಶೋಧಕರು ನಳಿಗೆಗಳ ತದ್ರೂಪುಗಳನ್ನು ತ್ರೀಡಿ ಪ್ರಿಂಟರ್‌ನಲ್ಲಿ ಮಾಡಿ ನಿಲ್ದಾಣದ ಸುತ್ತ ಇಟ್ಟು ಕಾದರು. ಅವುಗಳಲ್ಲಿ ಗೂಡು ಮಾಡಿದ್ದೆಲ್ಲ ಒಂದೇ ಜಾತಿಯ ಕಣಜ, ಅದೂ ಅಮೆರಿಕ ಖಂಡದ ಉಷ್ಣವಲಯದಿಂದ ಬಂದು ಸೇರಿಕೊಂಡಿದ್ದು. ಇದಕ್ಕೆ ಸ್ವಂತ ಮನೆ ಕಟ್ಟುವ ಕಷ್ಟವೇ ಬೇಡ. ಸಿಕ್ಕ ತೂತಿಗೆ ಕಂಬಳಿಹುಳ ತುಂಬಿ ಬಾಯಿಗೆ ಮಣ್ಣು ಮೆತ್ತಿದರೆ ಮುಗೀತು.

ಮುಚ್ಚಳ ಹಾಕಿದರಾಯ್ತಲ್ಲ ಅಂದ್ರಾ? ಅಲ್ಲಿ ಹಾಗೇ ಮಾಡಿದರು. 2018ರ ಜುಲೈನಲ್ಲಿ ಅದೇ ಬ್ರಿಸ್ಬೇನ್‌ನಿಂದ ಇನ್ನೊಂದು ಎ330, ಮುಚ್ಚಳ ತೆಗೆಯದೆ ಹಾಗೇ ಹಾರಿತು. ಸದ್ಯ, ಸುರಕ್ಷಿತವಾಗಿ ಇಳಿಯಿತು.

ಕೊರೊನಾ ಲಾಕ್‌ಡೌನ್‌ನಿಂದ 2020ರ ಮಾರ್ಚ್ 25ರಿಂದ ಎರಡು ತಿಂಗಳು ನಮ್ಮ ದೇಶದೊಳಗಿನ ಪ್ರಯಾಣಿಕ ವಿಮಾನಗಳೆಲ್ಲ ನಿಂತವು, ಹುಬ್ಬಳ್ಳಿಯದೂ. ಹೊರಗೆ ಎಷ್ಟೋ ಕಡೆ ಇನ್ನೂ ಜಾಸ್ತಿ ದಿನ. ಅದೇ ವರ್ಷ ಯುರೋಪಿನ ವಿಮಾನಯಾನ ಸುರಕ್ಷತಾ ಸಂಸ್ಥೆ, ನಿಂತು ಎದ್ದ ವಿಮಾನಗಳಲ್ಲಿ ವೇಗದ ಲೆಕ್ಕ ತಪ್ಪುತ್ತಿದೆ ಎಂದು ಎಚ್ಚರಿಸಿತು. 2021ರ ಬೇಸಿಗೆಯಲ್ಲಿ ಲಂಡನ್‌ನ ಹೀಥ್ರೋದಲ್ಲಿ ಒಂದಾದ ಮೇಲೊಂದು ವಿಮಾನ ಓಡುದಾರಿಯಲ್ಲೇ ನಿಲ್ಲಬೇಕಾಯಿತು, ಒಂದಂತೂ ಮೇಲೆ ಹೋಗಿ ತಿರುಗಿ ಬಂತು. ನಳಿಗೆಗಳಲ್ಲಿ ಸಿಕ್ಕಿದ್ದು ಹುಳದ ಗೂಡು. ವಿಮಾನಗಳ ಓಡಾಟ ಕಮ್ಮಿಯಾಗಿ ಗಾಳಿ ಶುದ್ಧವಾದದ್ದು ಹುಳಗಳಿಗೆ ಹಿಡಿಸಿರಬೇಕು ಎಂದ ಬ್ರಿಟನ್ನಿನ ತನಿಖಾ ವಿಭಾಗ, ಈ ಗೂಡುಗಳಲ್ಲಿ ಹುಟ್ಟಿದವು ಮುಂದಿನ ವರ್ಷವೂ ಕಾಡಬಹುದು ಎಂದು ಸೇರಿಸಿತು.