ರಾತ್ರಿ ಬಿದ್ದ ಹಸು, ಬೆಳಗ್ಗೆ ತೆರೆಯುವ ಆಸ್ಪತ್ರೆ

ಹಸು ಕರು ಹಾಕಿ ಒಂದು ದಿನವೂ ಆಗಿಲ್ಲ. ಮಲಗಿದ್ದು ಏಳುತ್ತಿಲ್ಲ. ಕತ್ತು ಹೊರಳಿಸಿ ಪಕ್ಕೆಗೆ ಆನಿಸಿಕೊಂಡಿದೆ, ಕಿವಿ ತಣ್ಣಗಿದೆ. ಇದು ಹಾಲುಜ್ವರ. ಹೆಸರಿಗಷ್ಟೇ ಜ್ವರ, ಮೈ ಬಿಸಿ ಇಳಿದಿರುತ್ತದೆ. ಗಿಣ್ಣುಹಾಲಿನ ಜೊತೆ ರಕ್ತದ ಕ್ಯಾಲ್ಸಿಯಂ ಕೆಚ್ಚಲಿಗೆ ಹರಿದುಹೋಗಿ ಸ್ನಾಯುಗಳು ಸೋತಿರುತ್ತವೆ. ಸುಮ್ನೆ ಬಿಟ್ಟರೆ ಕೆಲವೇ ಗಂಟೆಗಳಲ್ಲಿ ಹಸು ಹೋಗಿಬಿಡಬಹುದು.

ಪಶುವೈದ್ಯ ವಿದ್ಯೆ ಬೆಳೆದದ್ದು ಇಂಥ ರಾತ್ರಿಗಳಿಗಾಗಿ ಅಲ್ಲ. 1761ರಲ್ಲಿ ಫ್ರಾನ್ಸಿನ ಲಿಯೋನ್‌ನಲ್ಲಿ ಮೊದಲ ಶಾಲೆ ಹುಟ್ಟಿದ್ದು ದನಗಳನ್ನು ಹಿಂಡುಹಿಂಡಾಗಿ ಕೊಲ್ಲುತ್ತಿದ್ದ ದೊಡ್ಡರೋಗದ (ರಿಂಡರ್‌ಪೆಸ್ಟ್) ಭಯಕ್ಕೆ. 1889ರಲ್ಲಿ ಪುಣೆಯಲ್ಲಿ ಪ್ರಯೋಗಾಲಯ ಶುರುವಾದದ್ದೂ ಸಾಂಕ್ರಾಮಿಕ ರೋಗಗಳ ಸಂಶೋಧನೆಗೇ. ಮಂದೆ ಉಳಿಯಬೇಕಿತ್ತು. ಉಳಿಯಿತು ಕೂಡ: 2011ರಲ್ಲಿ ದೊಡ್ಡರೋಗ ಜಗತ್ತಿನಿಂದಲೇ ತೊಲಗಿತು. ಒಂಟಿ ಹಸು ಬಿದ್ದರೆ ಮಾತ್ರ ಅದು ಮನೆಯವರ ಪಾಡು.

ಹಾಲುಜ್ವರದ ಮದ್ದು ಸಿಕ್ಕ ಕಥೆ ಸೊಗಸಾಗಿದೆ. 1897ರಲ್ಲಿ ಡೆನ್ಮಾರ್ಕ್‌ನ ಯೂರ್ಗನ್ ಸ್ಮಿತ್ ಎಂಬ ಪಶುವೈದ್ಯರು, ಈ ರೋಗ ತರುವ ವಿಷ ಕೆಚ್ಚಲಲ್ಲೇ ಹುಟ್ಟುತ್ತದೆ ಎಂದುಕೊಂಡು ಅಲ್ಲಿಗೆ ಅಯೋಡೈಡ್ ದ್ರಾವಣ ತುಂಬಿದರು. ಹಸುಗಳು ಎದ್ದವು! ಕೆಲವೇ ವರ್ಷಗಳಲ್ಲಿ ಬರೀ ಗಾಳಿ ತುಂಬಿದರೂ ಸಾಕು ಎಂದು ಗೊತ್ತಾಯಿತು. ಜನ ಸೈಕಲ್ ಪಂಪನ್ನೇ ಹಿಡಿದರು. ಕೆಚ್ಚಲು ಬಿಗಿದರೆ ಹಾಲು ಊರುವುದು ನಿಲ್ಲುತ್ತದೆ, ಕ್ಯಾಲ್ಸಿಯಂ ರಕ್ತದಲ್ಲೇ ಉಳಿಯುತ್ತದೆ. ಲೆಕ್ಕ ತಪ್ಪು, ಉತ್ತರ ಸರಿ! ಕ್ಯಾಲ್ಸಿಯಂ ಕೊರತೆಯೇ ಕಾರಣ ಎಂಬ ಮಾತು ಬಂದದ್ದು 1925ರಲ್ಲಿ, ಸ್ಕಾಟ್ಲೆಂಡಿನ ಎಡಿನ್‌ಬರೋದ ಸಂಶೋಧಕರಿಂದ. ಆಮೇಲೆ ರಕ್ತನಾಳಕ್ಕೆ ನೇರವಾಗಿ ಕ್ಯಾಲ್ಸಿಯಂ ಕೊಡುವ ಪದ್ಧತಿ ಬಂತು.

ನಮ್ಮಲ್ಲಿ ಮಲೆನಾಡು ಗಿಡ್ಡ ಎಂಬ ನಾಟಿ ತಳಿಗೆ ಈ ಕಾಟ ಅಪರೂಪ. ಅದು ಕೊಡುವ ಹಾಲೇ ಅಷ್ಟು. 1970ರಲ್ಲಿ ಕ್ಷೀರಕ್ರಾಂತಿ ಶುರುವಾಯಿತು. ಎಚ್‌ಎಫ್, ಜರ್ಸಿಯಂಥ ವಿದೇಶಿ ದನಗಳ ಮಿಶ್ರತಳಿಗಳು ಕೊಟ್ಟಿಗೆ ತುಂಬಿದವು. ಹಾಲು ಜಾಸ್ತಿಯಾದಂತೆ ಹಾಲುಜ್ವರವೂ ಜಾಸ್ತಿಯಾಯಿತು. ಡೈರಿ ವ್ಯಾನು ನಸುಕಿಗೇ ಊರಿಗೆ ಬರುತ್ತದೆ. ಪಶು ಆಸ್ಪತ್ರೆಯ ಬಾಗಿಲು ತೆರೆಯುವುದು ಆಫೀಸ್ ಹೊತ್ತಿಗೆ.

ಈಗ 1962 ಎಂಬ ನಂಬರ್ ಇದೆ. ಕರೆದರೆ ಡಾಕ್ಟರ್, ಸಹಾಯಕ, ಚಾಲಕ ಇರುವ ವಾಹನ ಹಳ್ಳಿಗೇ ಬರಬೇಕು ಎನ್ನುವುದು ಯೋಜನೆ. ಕರ್ನಾಟಕದ ಪಾಲಿಗೆ 275 ವಾಹನ. ಲಕ್ಷ ಜಾನುವಾರಿಗೆ ಒಂದು ಎಂಬ ಲೆಕ್ಕ. ಒಂದೇ ಹೊತ್ತಿಗೆ ಎರಡು ಹೋಬಳಿಯಲ್ಲಿ ಎರಡು ಹಸು ಬಿದ್ದರೆ? ಯಾರೋ ಒಬ್ಬರು ಕಾಯಲೇಬೇಕು, ಅಲ್ವಾ. ಬೆಂಗಳೂರಿನ ನಾಯಿಗೆ ರಾತ್ರಿ ಆಕ್ಸಿಜನ್ ಸಿಗುತ್ತದೆ. ಅದು ತಪ್ಪೇನಲ್ಲ. ಆದರೆ ಹಸುವಿಗೆ ಬೇಕಿರುವುದು ಅದಕ್ಕಿಂತ ತುಂಬಾ ಅಗ್ಗದ ವಸ್ತು: 450 ಎಂಎಲ್‌ನ ಒಂದು ಬಾಟಲಿ ಕ್ಯಾಲ್ಸಿಯಂ.

ಆದರೆ ಅದನ್ನು ನಾವೇ ಏರಿಸುವ ಹಾಗಿಲ್ಲ. ಬೇಗ ಹೋದರೆ ಹೃದಯವೇ ನಿಲ್ಲಬಹುದು. ಡಾಕ್ಟರ್ ಎದೆಬಡಿತ ಕೇಳುತ್ತಾ ನಿಧಾನಕ್ಕೆ ಬಿಡುತ್ತಾರೆ. ಅವರು ಬರುವವರೆಗೆ ಹಸು ಅಡ್ಡ ಬೀಳದಂತೆ ಎರಡೂ ಪಕ್ಕ ಹುಲ್ಲಿನ ಮೂಟೆ ಕೊಟ್ಟು, ಎದೆಯ ಮೇಲೆ ಕೂರಿಸಿ. ಗೊಟ್ಟ ಹಾಕಬೇಡಿ, ಅಂದರೆ ಬಿದಿರ ಕೊಳವೆಯಲ್ಲಿ ಬಾಯಿಗೆ ಏನನ್ನೂ ಹೊಯ್ಯಬೇಡಿ. ನುಂಗುವ ಶಕ್ತಿ ಕುಗ್ಗಿರುತ್ತದೆ, ಹೊಯ್ದದ್ದು ಶ್ವಾಸಕೋಶಕ್ಕೆ ಇಳಿಯುತ್ತದೆ. ಹೊತ್ತಿಗೆ ಸರಿಯಾಗಿ ಔಷಧಿ ಬಿದ್ದರೆ ಹಸು ಮೊದಲು ತೇಗುತ್ತದೆ, ಮೈ ನಡುಗಿಸುತ್ತದೆ, ಸಗಣಿ ಹಾಕುತ್ತದೆ. ಆಮೇಲೆ ಎದ್ದು ಕರುವಿನ ಕಡೆ ತಿರುಗುತ್ತದೆ.