ಎಸಿಟಲೋಪ್ರಾಮ್ ಸ್ಟಾಕ್ ಇಲ್ಲ ಅಂತಿದಾರೆ, ದಿನ ಬಿಟ್ಟು ದಿನ ಕೊಡಬಹುದಾ?

ಪ್ರಶ್ನೆ: ನಮ್ಮಮ್ಮಂಗೆ ಡಿಪ್ರೆಷನ್‌ಗೆ ಅಂತ ಎಸಿಟಲೋಪ್ರಾಮ್ 10 ನಡೀತಿದೆ, ಈಗ ಚೆನ್ನಾಗಿದಾರೆ. ನಾವಿರೋದು ಸಕಲೇಶಪುರದ ಹತ್ರ ಎಸ್ಟೇಟ್ ಕಡೆ. ಮೆಡಿಕಲ್‌ನಲ್ಲಿ ಯಾವಾಗ ಕೇಳಿದ್ರೂ ಸ್ಟಾಕ್ ಇಲ್ಲ ನಾಳೆ ಬನ್ನಿ ಅಂತಾರೆ, ಮನೇಲಿ ಐದೇ ಮಾತ್ರೆ ಉಳಿದಿರೋದು. ದಿನ ಬಿಟ್ಟು ದಿನ ಕೊಟ್ಟು ಎಳೀಬಹುದಾ?

ಉತ್ತರ: ಬೇಡ. ದಿನಕ್ಕೊಂದರಂತೆ ಕೊಡ್ತಾ ಹೋಗಿ, ಐದು ದಿನ ಟೈಮ್ ಇದೆ, ಹುಡುಕೋಕೆ ಇವತ್ತೇ ಶುರು ಮಾಡಿ. ನಾನು ಡಾಕ್ಟ್ರಲ್ಲ, ಹಾಸನದಲ್ಲಿ ಮೆಡಿಕಲ್ ಕೌಂಟರ್ ಹಿಂದೆ ನಿಲ್ಲೋನು, ಹಾಗಾಗಿ ಡೋಸ್ ಏರಿಸೋದು ಇಳಿಸೋದು ಅವರನ್ನೇ ಕೇಳಿ, ಆದ್ರೆ ಸಿಗದ ಮಾತ್ರೆ ಎಲ್ಲಿ ಸಿಗುತ್ತೆ ಅನ್ನೋದು ನಮ್ಮ ಸಬ್ಜೆಕ್ಟು.

ದಿನ ಬಿಟ್ಟು ದಿನ ಯಾಕೆ ಆಗಲ್ಲ ಅಂದ್ರೆ, ಎಸಿಟಲೋಪ್ರಾಮ್ ರಕ್ತದಲ್ಲಿ ಅರ್ಧಕ್ಕೆ ಇಳಿಯೋಕೆ ಸುಮಾರು 30 ಗಂಟೆ ಹಿಡಿಯುತ್ತೆ, ವಯಸ್ಸಾದವರಲ್ಲಿ ಸ್ವಲ್ಪ ಜಾಸ್ತಿ. ನೀವು 48 ಗಂಟೆಗೊಂದು ಕೊಟ್ರೆ ಮುಂದಿನ ಮಾತ್ರೆ ಹೊತ್ತಿಗೆ ಅದು ಮೂರರಲ್ಲಿ ಒಂದು ಭಾಗಕ್ಕೆ ಬಂದಿರುತ್ತೆ, ಆಮೇಲೆ ಮತ್ತೆ ಏರುತ್ತೆ, ಮತ್ತೆ ಇಳಿಯುತ್ತೆ. ಈ ಏರಿಳಿತಕ್ಕೇ ತಲೆಸುತ್ತು, ವಾಕರಿಕೆ, ನಿದ್ದೆಗೇಡು, ವಿಚಿತ್ರ ಕನಸು, ಸುಮ್ಸುಮ್ನೆ ಸಿಡುಕು, ಕೆಲವರಿಗೆ ತಲೆ ಒಳಗೆ ಕರೆಂಟ್ ಹೊಡೆದ ಹಾಗೆ ಜುಮ್ ಅನ್ನೋದು ಎಲ್ಲ ಶುರುವಾಗುತ್ತೆ. ಮನೆಯವರು ಪಿತ್ತ ಅಂತ ನಿಂಬೆ ಶರಬತ್ತು ಕುಡಿಸ್ತಾರೆ, ಇಲ್ಲಾಂದ್ರೆ ಕಾಯಿಲೆ ವಾಪಸ್ ಬಂತು ಅಂತ ಹೆದರ್ತಾರೆ. ಕಾಯಿಲೆ ಮರುಕಳಿಸೋದು ಸಾಮಾನ್ಯವಾಗಿ ವಾರಗಟ್ಲೆ ಆದ್ಮೇಲೆ, ನಿಧಾನಕ್ಕೆ. ಇದು ಮಾತ್ರೆ ನಿಂತ ಎರಡು ನಾಲ್ಕು ದಿನಕ್ಕೇ ಬರುತ್ತೆ. ಇದನ್ನ ನೋಡಿ ಮಾತ್ರೆ ಚಟ ಆಗ್ಬಿಟ್ಟಿದೆ ಅನ್ನೋರೂ ಇದಾರೆ, ಅದು ಚಟ ಅಲ್ಲ, ದಿಢೀರ್ ನಿಲ್ಲಿಸಿದ್ದಕ್ಕೆ ಮೈ ಕೊಡೋ ಉತ್ತರ. ಡಿಪ್ರೆಷನ್‌ಗೇ ಕೊಡೋ ಬೇರೆ ಮಾತ್ರೆಗಳಲ್ಲಿ ಪ್ಯಾರೊಕ್ಸೆಟಿನ್, ವೆನ್ಲಾಫಾಕ್ಸಿನ್ ತಗೊಳೋರಿಗೆ ಈ ಕಾಟ ಇನ್ನೂ ಜಾಸ್ತಿ, ಫ್ಲುವಾಕ್ಸೆಟಿನ್ ಮೈಯಲ್ಲಿ ವಾರಗಟ್ಲೆ ಉಳಿಯೋದ್ರಿಂದ ಅವರಿಗೆ ಕಮ್ಮಿ.

ಈಗ ಅಸಲಿ ವಿಷಯ. ಎಸಿಟಲೋಪ್ರಾಮೇ ಇಲ್ಲ ಅನ್ನೋದು ಅಪರೂಪ ಕಣ್ರೀ, ಇಲ್ದೇ ಇರೋದು ನಿಮ್ಮ ಡಾಕ್ಟ್ರು ಬರೆದ ಕಂಪನಿದು. ದೊಡ್ಡ ಮಟ್ಟದ ಕೊರತೆ ಆಗೋದೇ ಇಲ್ಲ ಅಂತಲ್ಲ, 2020ರಲ್ಲಿ ಕೊರೊನಾ ಟೈಮಲ್ಲಿ ಅಮೆರಿಕದಲ್ಲೇ ಸರ್ಟ್ರಲಿನ್ ಅನ್ನೋ ಇದೇ ಥರದ ಡಿಪ್ರೆಷನ್ ಮಾತ್ರೆ ಕೊರತೆ ಲಿಸ್ಟಿಗೆ ಸೇರಿತ್ತು. ಆದ್ರೆ ನಮ್ಮ ಕಡೆ ಕಥೆ ಬೇರೆ. ಸಣ್ಣ ಊರಿನ ಅಂಗಡಿಯವನು ಹತ್ತಿರದ ಡಾಕ್ಟ್ರು ಯಾವ ಕಂಪನಿ ಬರೀತಾರೋ ಅದನ್ನ ಮಾತ್ರ ಇಟ್ಕೋತಾನೆ, ಡಾಕ್ಟ್ರು ಟ್ರಾನ್ಸ್‌ಫರ್ ಆದ್ರೆ ಆ ಮಾಲು ಹಾಗೇ ಕೂತು ಎಕ್ಸ್‌ಪೈರಿ ಆಗುತ್ತೆ, ಮುಂದಿನ ಸಲ ಅವನು ತರಿಸೋದೇ ಇಲ್ಲ. ಇನ್ನೊಂದು, ಇದನ್ನ ಹೇಳಲೇಬೇಕು, ಸಕಲೇಶಪುರದವರು ಗುರುತಿನವರು ನೋಡ್ತಾರೆ ಅಂತ ಹಾಸನಕ್ಕೆ ಬಂದು ತಗೋತಾರೆ, ಹಾಸನದವರು ಬೆಂಗಳೂರಲ್ಲಿರೋ ಮಗನ ಕೈಲಿ ತರಿಸ್ತಾರೆ, ಹಿಂಗಾದ್ರೆ ಊರಿನ ಅಂಗಡೀಲಿ ಯಾಕ್ ಇಡ್ತಾರೆ ಹೇಳಿ. ಅದ್ರ ಮೇಲೆ ಮಳೆಗಾಲದಲ್ಲಿ ರಸ್ತೆ ಕುಸಿದ್ರೆ ಸಪ್ಲೈ ಗಾಡಿನೂ ಲೇಟು.

ಅದಕ್ಕೇ ಖಾಲಿ ಸ್ಟ್ರಿಪ್ ಎಸೀಬೇಡಿ. ಅದರ ಹಿಂದೆ ನೋಡಿ, ಎಸಿಟಲೋಪ್ರಾಮ್ ಟ್ಯಾಬ್ಲೆಟ್ಸ್ ಐಪಿ ಅಂತ, ಕೆಳಗೆ 10 ಎಂಜಿ ಅಂತ ಇರುತ್ತೆ. ನಾವು ಕತ್ತರೀಲಿ ಐದು ಮಾತ್ರೆ ಕಟ್ ಮಾಡಿ ಕೊಟ್ಟಾಗ ಎಷ್ಟೋ ಸಲ ಈ ಹೆಸರು ಅಂಗಡೀಲೇ ಉಳಿದ ತುಂಡಿಗೆ ಹೋಗುತ್ತೆ, ನಿಮ್ಮ ಕೈಲಿ ಬರೀ ಬೆಳ್ಳಿ ಹಾಳೆ. ಹೆಸರಿರೋ ಕಡೆದು ಕೊಡಿ ಅಂತ ಕೇಳಿ, ಬೇಜಾರಾಗಲ್ಲ. ಆ ಸ್ಟ್ರಿಪ್ಪಿನದೂ ಚೀಟಿದೂ ಫೋಟೋ ಡಾಕ್ಟ್ರಿಗೆ ವಾಟ್ಸಾಪ್ ಮಾಡಿ, ಇದೇ ಕಂಟೆಂಟ್ ಬೇರೆ ಕಂಪನಿದು ಕೊಡಬಹುದಾ ಅಂತ ಕೇಳಿ ಜೆನೆರಿಕ್ ಹೆಸರಲ್ಲೇ, ಅಂದ್ರೆ ಕಂಪನಿ ಹೆಸರಿಲ್ದೆ ಬರೀ ಔಷಧಿ ಹೆಸರಲ್ಲಿ, ಚೀಟಿ ಬರೆಸ್ಕೊಳ್ಳಿ. 10 ಇಲ್ದೆ 5 ಎಂಜಿದು ಸಿಕ್ರೆ ಎರಡು ಸೇರಿ 10 ಆಗುತ್ತೆ, ಅದನ್ನೂ ಕೇಳ್ಕೊಂಡೇ ಮಾಡಿ. ಬೇರೆಯವರು ತಗೊಳೋ ಮಾತ್ರೆ ಹೆಸರಲ್ಲಿ ಎಕ್ಸ್‌ಆರ್, ಸಿಆರ್ ಅಂತ ಇದ್ರೆ ಅದು ಔಷಧಿನ ನಿಧಾನಕ್ಕೆ ಬಿಡೋ ಮಾತ್ರೆ, ಅದನ್ನ ಕೇಳದೆ ಮುರೀಬಾರ್ದು.

ಒಂದು ಕಡೆ ಮಾತ್ರ ಕಣ್ಣಿಟ್ಟಿರಿ. ಬ್ರ್ಯಾಂಡ್ ಹೆಸರಿನ ಬಾಲದಲ್ಲಿ ಪ್ಲಸ್ ಅಂತಲೋ ಫೋರ್ಟ್ ಅಂತಲೋ ಇದ್ರೆ ಅದರಲ್ಲಿ ಸಾಮಾನ್ಯವಾಗಿ ಕ್ಲೊನಾಜೆಪಾಮ್ ಸೇರಿರುತ್ತೆ, ಅದು ನಿದ್ದೆ ಬರಿಸೋ ಔಷಧಿ. ಅದೂ ಅದೇ ಬಿಡಿ ಅಂತ ಯಾರಾದ್ರೂ ಕೊಟ್ರೆ ತಗೋಬೇಡಿ. ವಯಸ್ಸಾದೋರು ರಾತ್ರಿ ಬಾತ್‌ರೂಮಿಗೆ ಎದ್ದು ತೂಕಡಿಕೇಲಿ ಬಿದ್ರೆ ಸೊಂಟ ಮುರಿಯುತ್ತೆ, ಮತ್ತೆ ಕ್ಲೊನಾಜೆಪಾಮ್‌ಗೆ ನಿಜವಾಗ್ಲೂ ಚಟ ಆಗೋ ಗುಣ ಇದೆ. ಪಕ್ಕದ ಮನೆಯವರ ಡಿಪ್ರೆಷನ್ ಮಾತ್ರೆ ಎರಡು ಸಾಲ ತರೋದೂ ಬೇಡ.

ಎಲ್ಲಿ ಹುಡುಕೋದು ಅಂದ್ರೆ, ಮೊದ್ಲು ಜನೌಷಧಿ ಕೇಂದ್ರ, ಜನೌಷಧಿ ಸುಗಮ್ ಅನ್ನೋ ಆ್ಯಪಲ್ಲಿ ಹತ್ತಿರದ್ದು ಯಾವುದು ಅಂತ ನೋಡಿ, ಹೋಗೋ ಮುಂಚೆ ಫೋನ್ ಮಾಡಿ ಇದೆಯಾ ಕೇಳಿ. ಎಸಿಟಲೋಪ್ರಾಮ್ 2022ರ ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟೀಲಿ ಇರೋದ್ರಿಂದ ಸರ್ಕಾರಿ ಆಸ್ಪತ್ರೇಲೂ ಕೇಳಬಹುದು, ಅವರು ಇಂಡೆಂಟ್, ಅಂದ್ರೆ ಬೇಕು ಅನ್ನೋ ಬೇಡಿಕೆ ಪಟ್ಟಿ, ಹಾಕಿ ಮಾಲು ಬರೋವರೆಗೆ ಅಲ್ಲೂ ಗ್ಯಾಪ್ ಬೀಳುತ್ತೆ, ಆದ್ರೂ ಹಾಸನದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಹಿಮ್ಸ್‌ನ ಮನೋವೈದ್ಯ ವಿಭಾಗದಲ್ಲಿ ಒಂದ್ಸಲ ವಿಚಾರಿಸಿ. ತಾಲೂಕು ಆಸ್ಪತ್ರೆಗೆ ಮನೋಚೈತನ್ಯ ಅಂತ ಮಂಗಳವಾರ ಮನೋವೈದ್ಯರು ಬರೋ ವ್ಯವಸ್ಥೆ ಇದೆ, ನಿಮ್ಮಲ್ಲಿ ತಿಂಗಳಿನ ಯಾವ ಮಂಗಳವಾರ ಅಂತ ತಿಳ್ಕೊಳ್ಳಿ. ಮೂಡಿಗೆರೆ, ಕಳಸ ಕಡೆಯವರಿಗೆ ಚಿಕ್ಕಮಗಳೂರಿನ ಜಿಲ್ಲಾ ಆಸ್ಪತ್ರೆ ಹತ್ರ. ನಿಮ್ಮ ಡಾಕ್ಟ್ರು ಫೋನಿಗೆ ಸಿಗ್ಲಿಲ್ಲ ಅಂದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ನಂಬರ್ 14416, ಹಗಲು ರಾತ್ರಿ ಫ್ರೀ, ಕನ್ನಡದಲ್ಲೇ ಮಾತಾಡ್ತಾರೆ. ಅಮ್ಮ ಬದುಕೋದೇ ಬೇಡ ಅನ್ನೋ ಥರ ಮಾತಾಡಿದ್ರೆ ಮಾತ್ರ ಸ್ಟಾಕು ಗೀಕು ಎಲ್ಲ ಬಿಟ್ಟು ಒಬ್ಬರನ್ನೇ ಬಿಡದೆ ಸೀದಾ ಆಸ್ಪತ್ರೆಗೆ ಕರ್ಕೊಂಡು ಹೋಗಿ.

ಇಷ್ಟಾದ್ರೂ ಒಂದೆರಡು ದಿನ ತಪ್ಪೋಯ್ತು ಅನ್ಕೊಳ್ಳಿ, ಸಿಕ್ಕಿದ ದಿನ ಎರಡು ಒಟ್ಟಿಗೆ ನುಂಗಿಸ್ಬೇಡಿ, ಒಂದೇ ಕೊಡಿ. ವಾರದ ಮೇಲೆ ಗ್ಯಾಪ್ ಆಗಿದ್ರೆ ಮತ್ತೆ 10ರಿಂದಲೇ ಶುರು ಮಾಡೋದಾ ಅಂತ ಡಾಕ್ಟ್ರನ್ನ ಕೇಳಿ. ಮತ್ತೆ ಊರಿನ ಅಂಗಡಿಯವರಿಗೆ ಹೇಳಿಡಿ, ತಿಂಗಳಿಗೆ ಮೂರು ಸ್ಟ್ರಿಪ್ ಗ್ಯಾರಂಟಿ ತಗೋತೀವಿ ಅಂತ. ಗಿರಾಕಿ ಗ್ಯಾರಂಟಿ ಅಂದ್ರೆ ನಾವು ಯಾರೂ ತರಿಸದೇ ಇರಲ್ಲ.